ಚಾಚಿಯ ಪಾಲಿನ ಸಂಜೆಗಳು

ಮೇಜಿನ ಖಾನೆಯ ತಳದಲ್ಲಿ ಮೈಕ್ರೋಮೀಟರಿನ ಮರದ ಪೆಟ್ಟಿಗೆ ಸಿಕ್ಕಿತು. ಮುಂದಿನ ತಿಂಗಳು ನನಗೆ ನಿವೃತ್ತಿ, ಅದಕ್ಕೇ ಕಳೆದ ವಾರ ಖಾನೆ ಖಾಲಿ ಮಾಡಲು ಕೂತಿದ್ದೆ. ಮುಚ್ಚಳ ತೆಗೆದರೆ ತುಕ್ಕು ಹಿಡಿಯದಂತೆ ಸವರುವ ಎಣ್ಣೆಯ ವಾಸನೆ, ಅದರೊಳಗೆ ಸಣ್ಣಗೆ ಲವಂಗದ ಘಮ. ಮೂಲೆಯಲ್ಲಿ ಎರಡು ಲವಂಗ ಹಾಗೇ ಉಳಿದಿದ್ದವು... ಖಾಲಿ ಮಾಡುವ ಕೆಲಸ ಅರ್ಧಕ್ಕೇ ನಿಂತಿತು.

ಪೆಟ್ಟಿಗೆ ಚಾಚಾರದು. ಪೀಣ್ಯದ ಎರಡನೇ ಹಂತದಲ್ಲಿದ್ದ ಸಣ್ಣ ಮೆಷಿನ್ ಶಾಪಿನಲ್ಲಿ ಅವರು ತಪಾಸಣೆ ಕೋಣೆಯ ಹಿರಿಯರು, ನಾನು ಅವರ ಕೈಕೆಳಗಿನವನು. ಮಾಲೀಕರೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು. ಬಾಯಲ್ಲಿ ಸದಾ ಒಂದು ಲವಂಗ. ಲೇತ್‌ನಿಂದ ಇಳಿದ ತುಂಡನ್ನು ಬಿಸಿಯಿರುವಾಗ ಅಳೆಯಲು ಬಿಡುತ್ತಿರಲಿಲ್ಲ, ಆರುವತನಕ ತಡೆಯುತ್ತಿದ್ದರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಆ ಮೈಕ್ರೋಮೀಟರು ಹಿಡಿದ ಅವರ ಕೈಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಕೆಲಸ ಕಲಿಸುವಾಗ ಅವರು ಪದೇ ಪದೇ ಹೇಳುತ್ತಿದ್ದ ಮಾತು ಒಂದೇ: "ದಪ್ಪ ಇದ್ರೆ ಉಜ್ಜಿ ಸರಿಮಾಡ್ಬೋದು ಕಣಪ್ಪ. ಸಣ್ಣ ಆಗೋಯ್ತಾ, ಏನೂ ಮಾಡಕ್ಕಾಗಲ್ಲ."

ಅವರ ಮನೆ ಲಗ್ಗೆರೆಯಲ್ಲಿ, ಫ್ಯಾಕ್ಟರಿಯಿಂದ ಅರ್ಧ ಗಂಟೆಯ ನಡಿಗೆ. ಅವರ ಹೆಂಡತಿ, ನಮಗೆಲ್ಲ ಚಾಚಿ, ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದರು. ಒಬ್ಬಳೇ ಮಗಳು, ಮದುವೆಯಾಗಿ ತುಮಕೂರು ಸೇರಿದ್ದಳು. ಸಂಜೆ ಆರಕ್ಕೆ ಇಬ್ಬರೂ ಬಾಗಿಲ ಬಳಿ ಕೂತು ಚಹಾ ಕುಡಿಯುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೆ. ಚಾಚಿ ಮಾತಿನ ಮಲ್ಲಿ, ಚಾಚಾ ಹೂಂಗುಟ್ಟುವವರು. ಅಷ್ಟೇ ಅವರ ಸಂಸಾರ, ಅಷ್ಟರಲ್ಲೇ ಸುಖವಾಗಿದ್ದರು.

ಆಮೇಲೆ ಚಾಚಾರ ತಮ್ಮ ತೀರಿಕೊಂಡ. ನಗರದ ಇನ್ನೊಂದು ತುದಿಯ ಕಾಡುಗೋಡಿಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಟೈಲ್ಸ್ ಕೂರಿಸುವ ಕೆಲಸ ಮಾಡುತ್ತಿದ್ದವನು. ಜ್ವರ ಬಂದು ಎಂಟೇ ದಿನಕ್ಕೆ ಹೋದ. ಹಿಂದೆ ಉಳಿದವರು ಹೆಂಡತಿ ಮತ್ತು ಪುಟ್ಟ ಮಗಳು. ಕೆಲವು ತಿಂಗಳಾದ ಮೇಲೆ ಮನೆಯ ಹಿರಿಯರೆಲ್ಲ ಸೇರಿ, ಅವಳನ್ನು ನೀನೇ ನಿಕಾಹ್ ಮಾಡಿಕೋ ಎಂದು ಚಾಚಾರಿಗೆ ದುಂಬಾಲು ಬಿದ್ದರು.

ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ ಅವರೇ ವಿಷಯ ತೆಗೆದರು. "ನಾಲ್ಕು ಮಾಡ್ಕೋಬಹುದು ಅಂತ ಎಲ್ರಿಗೂ ಗೊತ್ತು. ಅದರ ಜೊತೆಗಿರೋ ಶರತ್ತು ಮಾತ್ರ ಯಾರಿಗೂ ಬೇಡ. ಒಂದೇ ಸಮ ನೋಡ್ಕೊಳ್ಳಕ್ಕಾಗಲ್ಲ ಅಂತ ಭಯ ಇದ್ರೆ ಒಬ್ಳೇ ಸಾಕು ಅಂತ ಕುರಾನಲ್ಲೇ ಇದೆ ಕಣಪ್ಪ. ನಂಗೆ ಆ ಭಯ ಇದೆ."

ಮಸೀದಿಯ ಗುರುಗಳನ್ನೂ ಕೇಳಿ ಬಂದಿದ್ದರು. ಊಟ, ಬಟ್ಟೆ, ಇಬ್ಬರಿಗೂ ಬೇರೆ ಬೇರೆ ಮನೆ, ರಾತ್ರಿಗಳ ಸರದಿ, ಇಷ್ಟರಲ್ಲಿ ತಾರತಮ್ಯ ಕೂಡದು. ಮನಸ್ಸಿನ ಒಲವು ಯಾರ ಕೈಯಲ್ಲೂ ಇಲ್ಲ, ಆದರೆ ಒಬ್ಬಳ ಕಡೆಗೇ ಪೂರ್ತಿ ವಾಲಿ ಇನ್ನೊಬ್ಬಳನ್ನು ನಡುನೀರಿನಲ್ಲಿ ಬಿಡಬಾರದು ಎಂದು ಗುರುಗಳು ಹೇಳಿದ್ದರಂತೆ. ಚಾಚಿ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಒಪ್ಪಿದರು. "ಮಗು ಬೀದಿಗೆ ಬೀಳೋದು ಬೇಡ, ಮಾಡ್ಕೊಳ್ಳಿ. ಆದ್ರೆ ನನ್ ಪಾಲು ನಂಗೆ ಬರ್ಬೇಕು" ಎಂದಿದ್ದರಂತೆ. ಅದನ್ನು ಹೇಳುವಾಗ ಚಾಚಾರ ಕಣ್ಣು ಡಬ್ಬಿಯ ಮೇಲೇ ಇತ್ತು.

ಸುದ್ದಿ ಶಾಪಿನಲ್ಲಿ ಹಬ್ಬಿತು. "ಏನ್ ಚಾಚಾ, ಇನ್ಮೇಲೆ ಡಬಲ್ ಶಿಫ್ಟಾ?" ಎಂದು ಗ್ರೈಂಡಿಂಗ್ ಮೆಷಿನ್ನಿನವನು ಛೇಡಿಸಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಮ್ಮ ತಾತನಿಗೂ ಇಬ್ಬರು ಹೆಂಡಿರಿದ್ದರು. ಹಿರಿಯಜ್ಜಿ ಸಾಯುವತನಕ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲೇ ಇದ್ದಳು. ಅವಳ ಪಾಲೇನು ಎಂದು ಯಾರೂ ಕೇಳಲಿಲ್ಲ, ತಾತನಂತೂ ಅದಕ್ಕಾಗಿ ಒಂದು ದಿನವೂ ನಿದ್ದೆ ಕೆಡಿಸಿಕೊಂಡವನಲ್ಲ. ಅಂಥ ಮನೆಯಿಂದ ಬಂದವನು ನಾನು ಚಾಚಾರನ್ನು ನೋಡಿ ನಕ್ಕೆ.

ನಿಕಾಹ್ ಆಯಿತು. ತಮ್ಮನ ಹೆಂಡತಿ, ನನ್ನ ಬಾಯಲ್ಲಿ ಕಾಡುಗೋಡಿಯವರು, ಅಲ್ಲೇ ಒಂದು ಪೀಜಿಯಲ್ಲಿ ಅಡುಗೆ ಮಾಡುತ್ತಿದ್ದರು, ಮಗುವಿನ ಶಾಲೆಯೂ ಅಲ್ಲೇ. ಹಾಗಾಗಿ ಮನೆಯೂ ಅಲ್ಲೇ ಉಳಿಯಿತು. ಒಂದು ದಿನ ಲಗ್ಗೆರೆ, ಒಂದು ದಿನ ಕಾಡುಗೋಡಿ. ರಂಜಾನ್ ಹಬ್ಬಕ್ಕೆ ಒಂದೇ ಬಣ್ಣದ ಎರಡು ಸೀರೆ, ಚಳಿಗೆ ಒಂದೇ ಥರದ ಎರಡು ಕಂಬಳಿ. ಆಗಿನ್ನೂ ಮೆಟ್ರೋ ವೈಟ್‌ಫೀಲ್ಡಿನ ಕಡೆ ಹೋಗುತ್ತಿರಲಿಲ್ಲ. ಪೀಣ್ಯದಿಂದ ಮೆಜೆಸ್ಟಿಕ್ಕು, ಮೆಜೆಸ್ಟಿಕ್ಕಿನಿಂದ ಕಾಡುಗೋಡಿ, ಮಾರತಹಳ್ಳಿಯ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಸಾಗುವ ಬಸ್ಸು. ಕಾಡುಗೋಡಿಯ ಮರುದಿನ ಚಾಚಾ ಕೆಂಪಗಿನ ಕಣ್ಣಲ್ಲಿ ಬರುತ್ತಿದ್ದರು.

ಆದರೆ ಲಗ್ಗೆರೆಯ ದಿನಗಳಲ್ಲೂ ಅವರು ಬೇಗ ಮನೆಗೆ ಹೋಗುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ತಡವಾಗಿ. ಛತ್ರಿ ಮರೆತು ಹೋಗಿ ಏಳರ ಹೊತ್ತಿಗೆ ವಾಪಸ್ ಬಂದಿದ್ದೆ. ಚಾಚಾ ತಪಾಸಣೆ ಕೋಣೆಯಲ್ಲಿ ಒಬ್ಬರೇ ಕೂತು, ಆಗಲೇ ಹೊಳೆಯುತ್ತಿದ್ದ ಅಳತೆಯ ಗೇಜುಗಳನ್ನು ಮತ್ತೆ ಒರೆಸುತ್ತಿದ್ದರು.

"ಇವತ್ತು ಲಗ್ಗೆರೆ ಅಲ್ವಾ ಚಾಚಾ? ಇನ್ನೂ ಇಲ್ಲೇ ಇದ್ದೀರಲ್ಲ?"

"ಕಾಡುಗೋಡಿಗೆ ಹೋಗೋಷ್ಟ್ರಲ್ಲಿ ಎಂಟೂವರೆ ಆಗ್ತದೆ. ಇಲ್ಲಿ ಆರು ಗಂಟೆಗೇ ಹೋಗಿ ಕೂತ್ರೆ ಇವಳಿಗೆ ಎರಡೂವರೆ ಗಂಟೆ ಜಾಸ್ತಿ ಹೋಯ್ತಲ್ಲಪ್ಪ. ಅದು ಸಮ ಹೆಂಗಾಗ್ತದೆ?"

ಗುರುಗಳು ಏನು ಹೇಳುತ್ತಾರೆ ಎಂದೆ. ಸರದಿ ಎಂದರೆ ರಾತ್ರಿಯ ಲೆಕ್ಕ, ಗಂಟೆ ಎಣಿಸಬೇಕಿಲ್ಲ, ಸುಮ್ಮನೆ ಮನೆಗೆ ಹೋಗು ಎಂದು ಗುರುಗಳು ಗದರಿದ್ದರಂತೆ. "ಅವರು ಹೇಳಿದ್ದು ಸರೀನೇ. ಆದ್ರೆ ಗಡಿಯಾರ ನನ್ ಕಣ್ಣಿಗೆ ಕಾಣ್ತದಲ್ಲ" ಎಂದರು ಚಾಚಾ.

ಕಾಡುಗೋಡಿಯ ಸಂಜೆಯನ್ನು ಹಿಗ್ಗಿಸಲು ಅವರಿಂದ ಆಗುತ್ತಿರಲಿಲ್ಲ. ಅದಕ್ಕೇ ಲಗ್ಗೆರೆಯ ಸಂಜೆಯನ್ನು ಉಜ್ಜಿ ಉಜ್ಜಿ ಅದರ ಅಳತೆಗೆ ತರುತ್ತಿದ್ದರು. ಮೂವತ್ತು ವರ್ಷ ಮಾಡಿದ್ದು ಅದೇ ಕೆಲಸ, ಅವರಿಗೆ ಬೇರೆ ದಾರಿ ತೋಚಲಿಲ್ಲ. ನನಗೆ ಅದು ಆಗಲೇ ಅರ್ಥವಾಗಿತ್ತು. ಹೀಗೆ ಉಜ್ಜಿದರೆ ಚಾಚಿಯ ಪಾಲೇ ಸಣ್ಣದಾಗುತ್ತದೆ ಎಂದು ಹೇಳಬೇಕಿತ್ತು, ಹೇಳಲಿಲ್ಲ.

ಹೇಳದೆ ಇದ್ದದ್ದಕ್ಕೆ ಕಾರಣವಿತ್ತು. ಮಾರನೆಯ ದಿನದಿಂದ ನಾನು ನನ್ನ ಬಾಕಿ ರಿಪೋರ್ಟುಗಳನ್ನು ಅವರ ಮೇಜಿನ ಮೇಲೆ ಇಡತೊಡಗಿದೆ. "ಹೆಂಗೂ ಕೂತಿರ್ತೀರಲ್ಲ ಚಾಚಾ, ಇದೊಂಚೂರು ನೋಡಿ." ಅವರು ಬೇಡವೆನ್ನಲಿಲ್ಲ, ಹೊತ್ತು ಕಳೆಯಲು ಏನೋ ಒಂದು ಸಿಕ್ಕಿತು ಎಂಬಂತೆ ಎಳೆದುಕೊಂಡರು. ಅಲ್ಲಿಯವರೆಗೆ ಆಚೆಯ ಆಫೀಸ್ ಕೋಣೆಯಲ್ಲಿ ಕೂತು ಅವನ್ನು ಮುಗಿಸಿ ಎಂಟಕ್ಕೆ ಮನೆ ಸೇರುತ್ತಿದ್ದವನು ದಿನ ಬಿಟ್ಟು ದಿನ ಆರಕ್ಕೇ ಸೇರತೊಡಗಿದೆ. ಮಗಳಿಗೆ ಲೆಕ್ಕ ಹೇಳಿಕೊಟ್ಟೆ, ಸೈಕಲ್ ಕಲಿಸಿದೆ. ನನ್ನ ಹೆಂಡತಿ ಈಗಲೂ ಆ ವರ್ಷಗಳನ್ನು ಚೆನ್ನಾಗಿದ್ದ ವರ್ಷಗಳು ಎನ್ನುತ್ತಾಳೆ.

ಹೀಗೆ ಮೂರು ವರ್ಷ ನಡೆಯಿತು. ಚಾಚಾ ಸೊರಗಿ ಕಡ್ಡಿಯಾದರು. ಕೊನೆಗೆ ಒಂದು ಲಗ್ಗೆರೆಯ ದಿನ, ಸಂಜೆ ಏಳೂವರೆಗೆ, ಕೂತಲ್ಲೇ ಮೇಜಿಗೆ ತಲೆಯಾನಿಸಿ ಹೋಗಿಬಿಟ್ಟರು. ಗೇಟಿನ ಕಾವಲುಗಾರ ನೋಡಿ ಫೋನು ಮಾಡಿದ. ನಾನು ಮನೆಯಲ್ಲಿ ಬಿಸಿ ಬಿಸಿ ಪಡ್ಡು ತಿನ್ನುತ್ತಿದ್ದೆ... ಅವರ ಕೈಕೆಳಗೆ ಇದ್ದದ್ದು ನನ್ನ ರಿಪೋರ್ಟು.

ಗಂಡ ಸತ್ತ ಹೆಂಗಸರು ಮನೆಯೊಳಗೇ ಇರುವ ಇದ್ದತ್, ನಾಲ್ಕು ತಿಂಗಳು ಹತ್ತು ದಿನ. ಅದು ಮುಗಿಯುವತನಕ ಕಾದು, ಅವರ ಸಾಮಾನಿನ ಚೀಲ ಹಿಡಿದು ಹೆಂಡತಿಯ ಜೊತೆ ಲಗ್ಗೆರೆಗೆ ಹೋದೆ. ಬಾಗಿಲು ತೆಗೆದವರು ಕಾಡುಗೋಡಿಯವರು. ಮಗಳನ್ನು ಕರೆದುಕೊಂಡು ಚಾಚಿಯ ಮನೆಗೇ ಬಂದುಬಿಟ್ಟಿದ್ದರು. ಅವರು ಬಟ್ಟೆ ಕತ್ತರಿಸುತ್ತಿದ್ದರು, ಚಾಚಿ ಹೊಲಿಯುತ್ತಿದ್ದರು. ಆ ಇಬ್ಬರಿಗಾಗಿ ಒಬ್ಬ ಮನುಷ್ಯ ಎರಡು ಮನೆಗಳ ನಡುವೆ ಸವೆದುಹೋಗಿದ್ದ, ಅವರೀಗ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಣ್ಣುತ್ತಿದ್ದರು.

ಚಾಚಿ ಮಿಷನ್ನು ನಿಲ್ಲಿಸಿ ಕೇಳಿದರು. "ಐದೂವರೆಗೆ ಎಲ್ರೂ ಬಿಡ್ತೀರಂತೆ. ಅವರು ಏಳೂವರೆಗೆ ಅಲ್ಲೇನ್ ಮಾಡ್ತಿದ್ರು? ಕೇಳಿದಾಗೆಲ್ಲ ಕೆಲಸ ಅಂತಿದ್ರು. ನಾನು ಫ್ಲಾಸ್ಕಲ್ಲಿ ಚಾ ಹಾಕಿಟ್ಕೊಂಡು ಕೂತಿರ್ತಿದ್ದೆ."

ಗಂಟೆಗಳ ವಿಷಯ ಹೇಳಿದೆ. ಕಾಡುಗೋಡಿಯವರ ಕತ್ತರಿ ನಿಂತಿತು. "ನಾನು ಕೇಳಿರ್ಲಿಲ್ಲ ಅಕ್ಕಾ, ಅಲ್ಲಾನಾಣೆ ಕೇಳಿರ್ಲಿಲ್ಲ" ಎಂದು ಅತ್ತರು. ಚಾಚಿ ಅಳಲಿಲ್ಲ.

"ನಿಂಗಾದ್ರೂ ಕೊಟ್ಟಿದ್ರೆ ನಂಗೆ ಸಮಾಧಾನ ಇರ್ತಿತ್ತು ಕಣೇ" ಎಂದರು ಅವರ ಕಡೆ ತಿರುಗಿ. "ಯಾರಿಗೂ ಕೊಡ್ದೆ ಎಲ್ಲಿ ಬಿಸಾಕ್ಬಿಟ್ರು ನನ್ ಸಂಜೆಗಳ್ನ?"

ನನಗೆ ಉತ್ತರ ಗೊತ್ತಿತ್ತು. ಅದನ್ನು ಹೇಳುವ ಬದಲು ಚೀಲದಿಂದ ಮೈಕ್ರೋಮೀಟರಿನ ಪೆಟ್ಟಿಗೆ ತೆಗೆದು ಕೊಟ್ಟೆ. ಚಾಚಿ ಅದನ್ನು ಮೂಸಿ ನೋಡಿ ನನಗೇ ಹಿಂದಿರುಗಿಸಿದರು. "ನಮ್ಗೇನಕ್ಕೆ ಇದು? ನೀವೇ ಇಟ್ಕೊಳ್ಳಿ. ನಿಮ್ಮನ್ನ ಕಂಡ್ರೆ ಅವರಿಗೆ ತುಂಬಾ ಪ್ರೀತಿ."

ಈಗ ಪೀಣ್ಯದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿದರೆ ಕಾಡುಗೋಡಿಗೆ ಒಂದೂವರೆ ಗಂಟೆ. ಚಾಚಾ ಇದ್ದಿದ್ದರೆ ಏಳಕ್ಕೇ ಅಲ್ಲಿರುತ್ತಿದ್ದರು, ಲಗ್ಗೆರೆಗೂ ಏಳಕ್ಕೇ ಹೋಗುತ್ತಿದ್ದರು ಎಂದು ಅವತ್ತು ಪೆಟ್ಟಿಗೆ ಹಿಡಿದು ಕೂತಾಗ ಅನ್ನಿಸಿತು. ಭಾನುವಾರ ಲಗ್ಗೆರೆಗೆ ಹೋದೆ. ಈ ಸಲ ಹೇಳಿಯೇ ಬಿಡಬೇಕು ಎಂದುಕೊಂಡೇ ಹೋಗಿದ್ದೆ. ಆ ಮನೆಯ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದಿದೆ. ಎದುರಿನ ಅಂಗಡಿಯವರು ಹೇಳಿದರು, ಚಾಚಿ ತುಮಕೂರಿನ ಮಗಳ ಮನೆಗೆ ಹೋಗಿ ಅಲ್ಲೇ ತೀರಿಕೊಂಡು ಎರಡು ವರ್ಷವಾಯಿತಂತೆ.

ನಿಮ್ಮ ಸಂಜೆಗಳನ್ನು ಅವರು ಎಲ್ಲೂ ಬಿಸಾಕಿರಲಿಲ್ಲ ಚಾಚಿ. ನನ್ನ ಮನೆಯಲ್ಲಿದ್ದವು.