ಸೋತ ಪಂದ್ಯಗಳ ಗೋಡೆ

ನಮ್ಮ ಹಾಲಿನಲ್ಲಿ ಟಿವಿಯ ಮೇಲುಗಡೆ ಉದ್ದಕ್ಕೆ ತೂಗುಹಾಕಿರುವ ಬಿಳಿ ಬಟ್ಟೆಯ ಪಟ್ಟಿ ಏನೆಂದು ನೀವಿಬ್ಬರೂ ಕೇಳುತ್ತಲೇ ಇದ್ದೀರಿ. ಅದರ ಮೇಲಿನ ಅಂಕಿಗಳು ಯಾರದೋ ಫೋನ್ ನಂಬರು ಎಂದು ಚಿಕ್ಕವನು ತಿಳಿದಿದ್ದ. ಅವು ಫುಟ್‌ಬಾಲ್ ಪಂದ್ಯಗಳ ಫಲಿತಾಂಶ. ದೆಹಲಿಯ ಒಂದು ತಂಡ ಏಷ್ಯಾದ ಬೇರೆ ಬೇರೆ ದೇಶಗಳ ತಂಡಗಳೊಡನೆ ಆಡಿದ್ದರ ಗುರುತು. ಎಡಗಡೆಯ ಅಂಕಿ ನಮ್ಮದು, ಬಲಗಡೆಯದು ಅವರದು. ಹಾಗೆ ಓದಿಕೊಂಡು ಹೋದರೆ ಹೆಚ್ಚಿನವು ಸೋಲೇ ಎಂದು ನಿಮಗೇ ತಿಳಿಯುತ್ತದೆ. ಹೊಲಿದವಳು ನಾನು. ಏಕೆ ಹೊಲಿದೆ ಎಂಬುದನ್ನು ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದಲು ಬರದ ಕಡೆ ನಿಮ್ಮ ಅಮ್ಮನನ್ನು ಕೇಳಿ.

ಆಗ ನೀವಿನ್ನೂ ಹುಟ್ಟಿರಲಿಲ್ಲ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಸರ್ಕಾರಿ ಕ್ವಾರ್ಟರ್ಸ್ ಬಿಟ್ಟು ನಾನು ರೋಹಿಣಿ ಬಡಾವಣೆಗೆ, ನನ್ನ ಮಗಳಾದ ನಿಮ್ಮ ಅಮ್ಮನ ಮನೆಗೆ ಬಂದ ಹೊಸದು. ದೆಹಲಿಯಲ್ಲಿ ಅಷ್ಟು ವರ್ಷ ಇದ್ದರೂ ತರಕಾರಿ ಭಯ್ಯಾನ ಹತ್ತಿರ ಬಿಟ್ಟರೆ ನಾನು ಹಿಂದಿ ಆಡಿದ್ದು ಕಡಿಮೆ. ಉಳಿದ ಮಾತನ್ನೆಲ್ಲ ಅಜ್ಜ ಆಡುತ್ತಿದ್ದರು, ನಾನು ಅವರ ಹಿಂದೆ ನಿಂತಿರುತ್ತಿದ್ದೆ. ನಾನು ಓದಿದ್ದು ಧಾರವಾಡದ ಕಡೆಯ ಹಳ್ಳಿಯ ಶಾಲೆಯಲ್ಲಿ. ಅಲ್ಲಿ ಅಕ್ಕೋರು ಮಧ್ಯಾಹ್ನದ ಹೊತ್ತು ಹುಡುಗಿಯರಿಗೆ ಕಸೂತಿ ಕಲಿಸುತ್ತಿದ್ದರು. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಸೂಜಿ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಸೂಜಿ ಹೋದ ದಾರಿಯಲ್ಲೇ ತಿರುಗಿ ಬಂದು ನಡುವೆ ಬಿಟ್ಟ ಜಾಗ ತುಂಬಿದರೆ ಬಟ್ಟೆಯ ಹಿಂದೂ ಮುಂದೂ ಒಂದೇ ತರಹ ಕಾಣುತ್ತದೆ. ನನಗೆ ಚೆನ್ನಾಗಿ ಬಂದ ಪಾಠ ಅದೊಂದು.

ನಿಮ್ಮ ಅಮ್ಮ ಆಗ ಫುಟ್‌ಬಾಲ್ ಕ್ಲಬ್ಬಿನ ಆಫೀಸಿನಲ್ಲಿ ಕೆಲಸಕ್ಕಿದ್ದಳು. ದೆಹಲಿ ಗೇಟಿನ ಕಡೆ ಎರಡು ಕೋಣೆಯ ಆಫೀಸು. ಆಟಗಾರರು ಸಂಬಳಕ್ಕೆ ಆಡುವವರು, ಹೆಚ್ಚಿನವರು ಈಶಾನ್ಯದ ಗುಡ್ಡಗಾಡಿನಿಂದ ಬಂದವರು. ತಂಡ ದೇಶದೊಳಗೆ ಚೆನ್ನಾಗಿ ಆಡಿ ಏಷ್ಯಾದ ಕ್ಲಬ್ಬುಗಳ ಟೂರ್ನಿಗೆ ಆಯ್ಕೆಯಾಯಿತು. ಅಮ್ಮನಿಗೆ ಎಲ್ಲರ ವೀಸಾ ಮಾಡಿಸುವ ಕೆಲಸ ಬಿತ್ತು. ಚಾಣಕ್ಯಪುರಿಯ ರಾಯಭಾರ ಕಚೇರಿಗಳ ಮುಂದೆ ಬಿಸಿಲಿನಲ್ಲಿ ಸಾಲು ನಿಂತು ಬರುತ್ತಿದ್ದಳು. ಒಂದು ಸಂಜೆ ಚಪ್ಪಲಿ ಬಿಡುತ್ತಲೇ ಕೇಳಿದಳು:

“ಅವ್ವಾ, ಒಂದು ಸಣ್ಣ ಬಾವುಟ ಮಾಡಿಕೊಡ್ತೀಯೇನು? ಪ್ರಿಂಟಿಂಗ್ ಭಯ್ಯಾ ಕೈ ಕೊಟ್ಟ. ಶುಕ್ರವಾರ ಫ್ಲೈಟ್ ಐತಿ.”

“ಯಾತರ ಬಾವುಟ?”

“ಕ್ಲಬ್ಬಿಂದು. ಮ್ಯಾಚ್ ಶುರು ಆಗೋ ಮುಂಚೆ ಇಬ್ಬರೂ ಕ್ಯಾಪ್ಟನ್ ಕೈ ಕುಲುಕಿ ತಮ್ಮ ತಮ್ಮ ಬಾವುಟ ಬದಲಿ ಮಾಡ್ಕೋತಾರ. ನಮ್ಮದು ಅವರಿಗೆ, ಅವರದು ನಮಗೆ. ರಿವಾಜ್ ಅದು.”

“ಯಾರು ಗೆದ್ದರು ಅಂತ ನೋಡಿ ಕೊಡೂದಲ್ಲಾ?”

“ಗೆಲ್ಲೋದು ಸೋಲೋದು ಆಮ್ಯಾಲೆ. ಮೊದಲ ಕೊಡೂದು.”

ಅದು ನನಗೆ ಹಿಡಿಸಿತು. ನಮ್ಮ ಊರಲ್ಲಿ ಯಾರದಾದರೂ ಮನೆಯಿಂದ ಡಬ್ಬಿ ತುಂಬಿ ಏನಾದರೂ ಬಂದರೆ ಖಾಲಿ ಡಬ್ಬಿ ಹಿಂದಕ್ಕೆ ಕೊಡುವುದಿಲ್ಲ. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಜಗಳವಾಡಿದ ಮನೆಯಾದರೂ ಅಷ್ಟೇ. ಆಟಗಾರರಲ್ಲೂ ಅಂಥದೊಂದು ಪದ್ಧತಿ ಇದೆ ಎಂದು ಅಂದು ಗೊತ್ತಾಯಿತು.

ಎಳೆ ಎಣಿಸಲು ಬರುವಂಥ ದಪ್ಪ ನೇಯ್ಗೆಯ ಬಿಳಿ ಬಟ್ಟೆ ನನ್ನ ಟ್ರಂಕಿನಲ್ಲಿತ್ತು. ಮೂರು ಮೂಲೆ ಬರುವಂತೆ ಕತ್ತರಿಸಿ, ಸುತ್ತ ಕ್ಲಬ್ಬಿನ ಹಸಿರು ಬಣ್ಣದ ದಾರದಲ್ಲಿ ಅಂಚು ಹಾಕಿ, ನಡುವೆ ಒಂದು ಆನೆಯನ್ನೂ ಅದರ ಕಾಲ ಬಳಿ ಒಂದು ಚೆಂಡನ್ನೂ ತೆಗೆದೆ. ಕಸೂತಿಯ ಗೆರೆಗಳು ನೆಟ್ಟಗೆ ಹೋಗುತ್ತವೆ, ಅಡ್ಡ ಹೋಗುತ್ತವೆ, ಓರೆ ಹೋಗುತ್ತವೆ, ದುಂಡಗೆ ಹೋಗುವುದಿಲ್ಲ. ಚೆಂಡು ಎಂಟು ಮೂಲೆಯದಾಯಿತು.

“ಅವ್ವಾ, ಇದು ಫುಟ್‌ಬಾಲೋ, ಬರ್ಫಿಯೋ?” ಎಂದು ನಿಮ್ಮ ಅಮ್ಮ ನಕ್ಕಳು.

“ಆನೆ ಒದ್ದರ ಹಂಗ ಆಗತೈತಿ” ಎಂದೆ.

ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚದೆ ನಾನು ಯಾರಿಗೂ ಕೊಟ್ಟವಳಲ್ಲ. ಬೆರಳ ತುದಿಯಷ್ಟು ಹಚ್ಚಿ, ಮಡಿಸಿ, ಅಮ್ಮನ ಬ್ಯಾಗಿನಲ್ಲಿಟ್ಟೆ. ಅವಳಿಗೆ ಹೇಳಬೇಕೆಂದು ಹೊಳೆಯಲಿಲ್ಲ. ಅದು ಹೇಳುವ ವಿಷಯ ಎಂದೇ ನನಗೆ ಗೊತ್ತಿರಲಿಲ್ಲ.

ಪಂದ್ಯ ಇದ್ದದ್ದು ಕೊಲ್ಲಿ ದೇಶದ ಒಂದು ಊರಲ್ಲಿ. ಅಲ್ಲಿ ಹೋಟೆಲಿನಲ್ಲಿ ತಂಡದ ಬಟ್ಟೆಬರೆ ನೋಡಿಕೊಳ್ಳುವವನು ಬಾವುಟ ಬಿಚ್ಚಿ ನೋಡಿ, ಯಾರೋ ದಾಲ್ ಚೆಲ್ಲಿದ್ದಾರೆಂದು ಆ ಮೂಲೆಗೆ ಸಾಬೂನು ಹಾಕಿ ಉಜ್ಜಿದನಂತೆ. ಅರಿಶಿನಕ್ಕೆ ಸಾಬೂನು ತಾಕಿದರೆ ಏನಾಗುತ್ತದೆಂದು ಅಡುಗೆಮನೆಯಲ್ಲಿ ಇದ್ದವರಿಗೆಲ್ಲ ಗೊತ್ತು. ಹಳದಿ ಹೋಗಿ ಕೆಂಪು ಬಂತು. ಅವನು ಗಾಬರಿಯಾಗಿ ಇನ್ನಷ್ಟು ಉಜ್ಜಿದ, ಇನ್ನಷ್ಟು ಕೆಂಪಾಯಿತು. ಬೇರೆ ಬಾವುಟ ಇರಲಿಲ್ಲ. ಕ್ಯಾಪ್ಟನ್ ಅದನ್ನೇ ಹಿಡಿದು ಮೈದಾನಕ್ಕೆ ಇಳಿದ. ತಂಡ ನಾಲ್ಕು ಗೋಲು ತಿಂದು ಸೋತಿತು.

ಕ್ಲಬ್ಬಿನ ಕಾರ್ಯದರ್ಶಿ ದೊಡ್ಡ ಹುದ್ದೆಯಿಂದ ನಿವೃತ್ತರಾದ ಪಂಜಾಬಿ ಹಿರಿಯರು. ಕೆಟ್ಟವರಲ್ಲ. “ಬೇಟಿ, ಮುಂದಿನ ಸಲ ಪ್ರಿಂಟ್ ಮಾಡಿಸಿಬಿಡು, ಮಾತಾಜಿಗೆ ತೊಂದರೆ ಬೇಡ” ಎಂದರಂತೆ. ಆದರೆ ಕ್ಯಾಪ್ಟನ್ ಒಪ್ಪಲಿಲ್ಲ. ಎದುರು ತಂಡದ ಕ್ಯಾಪ್ಟನ್ ಆ ಬಾವುಟವನ್ನು ತಿರುಗಿಸಿ ಹಿಂಬದಿ ಹುಡುಕಿದನಂತೆ, ಸಿಗಲಿಲ್ಲವಂತೆ, ಮತ್ತೆ ತಿರುಗಿಸಿದನಂತೆ, ಕೊನೆಗೆ ರೆಫರಿಗೂ ತೋರಿಸಿದನಂತೆ. “ಆಂಟೀಜಿ ಮಾಡಿದ್ದೇ ಬೇಕು. ಹಲ್ದಿ ಇರಲಿ, ಸಾಬೂನು ಬೇಡ” ಎಂದು ಕ್ಯಾಪ್ಟನ್ ನಿಮ್ಮ ಅಮ್ಮನ ಕೈಲಿ ಹೇಳಿಕಳಿಸಿದ.

ಹೀಗೆ ಒಂದೊಂದು ಪಂದ್ಯಕ್ಕೂ ಒಂದೊಂದು ಮಾಡಿದೆ. ನನ್ನದು ಹೋದ ಜಾಗದಿಂದ ಅವರದು ಬರುತ್ತಿತ್ತು. ಒಂದಕ್ಕೆ ಬಂಗಾರದ ಬಣ್ಣದ ಗೊಂಡೆ, ಒಂದು ರೇಷ್ಮೆಯದು, ಇನ್ನೊಂದರ ಮೇಲೆ ಓದಲಾಗದ ಲಿಪಿ. ಎಲ್ಲವನ್ನೂ ಆಫೀಸಿನ ಗೋಡೆಗೆ ಸಾಲಾಗಿ ತೂಗುಹಾಕುತ್ತಿದ್ದರು. ನಾನು ಆ ಗೋಡೆಯನ್ನು ನೋಡಿರಲಿಲ್ಲ, ನಿಮ್ಮ ಅಮ್ಮ ಬಂದು ವರ್ಣಿಸುತ್ತಿದ್ದಳು. ತಂಡ ಹೊರದೇಶದಲ್ಲಿ ಗೆಲ್ಲಲಿಲ್ಲ. ಇಲ್ಲಿ ದೆಹಲಿಯಲ್ಲಿ ಒಂದು ಪಂದ್ಯ ಗೆದ್ದಿತು. ಆ ದಿನ ಅಮ್ಮ ಲಡ್ಡು ತಂದಿದ್ದಳು. ಮರುವರ್ಷ ಮತ್ತೆ ಅದೇ ಕೊಲ್ಲಿಯ ಊರಿಗೆ ಹೋದರು. ಏಳು ಗೋಲು. ನಮ್ಮದು ಸೊನ್ನೆ. ಅಲ್ಲಿಂದ ಬಂದ ಮೇಲೆ ಕ್ಯಾಪ್ಟನ್ ಆಫೀಸಿನೊಳಗೆ ಬರುವುದನ್ನೇ ಬಿಟ್ಟ. ಹೊರಗಿನ ಬೆಂಚಿನ ಮೇಲೆ ಕೂತು, ಹೇಳಿಸಿಕೊಳ್ಳಬೇಕಾದ್ದನ್ನು ಅಲ್ಲೇ ಹೇಳಿಸಿಕೊಂಡು ಹೋಗುತ್ತಿದ್ದನಂತೆ.

ಆ ಚಳಿಗಾಲದಲ್ಲಿ ಒಂದು ದಿನ ನಾವಿಬ್ಬರೂ ಬಟಾಣಿ ಬಿಡಿಸುತ್ತ ಕೂತಿದ್ದೆವು. ನಿಮ್ಮ ಅಮ್ಮ ತಲೆ ಎತ್ತದೆ ಹೇಳಿದಳು: “ಅವ್ವಾ, ಗೋಡೆ ಮ್ಯಾಲಿನ ಬಾವುಟ ಎಲ್ಲಾ ತೆಗೀತಾರ.”

“ಯಾಕ?”

“ಹೊಸ ಕಂಪನಿಯವರು ತಂಡಕ್ಕ ದುಡ್ಡು ಹಾಕೂದಕ್ಕ ಆಫೀಸು ನೋಡಾಕ ಬರಾಕತ್ತಾರ. ಸೋತ ಮ್ಯಾಚಿಂದು ಯಾಕ ತೋರಿಸಬೇಕು ಅಂತಾರ ಸೆಕ್ರೆಟರಿ ಸಾಹೇಬರು. ಗೆದ್ದದ್ದು ಒಂದು ಇಟ್ಟು ಉಳಿದದ್ದು ಟ್ರಂಕಿಗೆ.”

ನನ್ನ ಕೈಯಿಂದ ಹೋದ ಒಂದೊಂದಕ್ಕೂ ಉತ್ತರವಾಗಿ ಬಂದ ವಸ್ತುಗಳು ಅವು. ಕೊಟ್ಟವರು ಗೆಲ್ಲುವ ಮೊದಲೇ, ನಾವು ಸೋಲುವ ಮೊದಲೇ ಕೊಟ್ಟದ್ದು. ಅದನ್ನು ಟ್ರಂಕಿಗೆ ಹಾಕುವುದೆಂದರೆ ತುಂಬಿ ಬಂದ ಡಬ್ಬಿಯನ್ನು ಬಾಗಿಲ ಹೊರಗೆ ಇಟ್ಟಂತೆ ಅನಿಸಿತು.

“ನಾಳೆ ನಾನೂ ಬರ್ತೀನಿ” ಎಂದೆ.

“ಎಲ್ಲಿಗೆ?”

“ನಿನ್ನ ಆಫೀಸಿಗೆ.”

“ಅವ್ವಾ, ನೀನು ಹಾಲಿನವನಿಗೆ ನಾಳೆ ಹಾಲು ಬ್ಯಾಡ ಅಂತ ಹೇಳಾಕೂ ನನ್ನ ಕರೀತಿ.”

“ಅದಕ್ಕ ನಾಳೆ ನಿನ್ನ ಕರೆಯಂಗಿಲ್ಲ. ನಾನ ಮಾತಾಡ್ತೀನಿ.”

ಮೆಟ್ರೊ ಆಗಷ್ಟೇ ರೋಹಿಣಿಗೆ ಬಂದಿತ್ತು. ಕಶ್ಮೀರಿ ಗೇಟಿನವರೆಗೆ ಅದರಲ್ಲಿ ಹೋಗಿ, ಅಲ್ಲಿಂದ ಬಸ್ಸು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹಿಂದಿ ಜೋಡಿಸಿಕೊಳ್ಳುತ್ತಿದ್ದೆ. ಆಫೀಸಿನ ಬಾಗಿಲ ಹೊರಗೆ ಬೆಂಚಿನ ಮೇಲೆ ಸಪೂರ ಯುವಕನೊಬ್ಬ ಕೂತು ಬೂಟಿನ ಲೇಸು ಬಿಗಿಯುತ್ತಿದ್ದ. ಎದ್ದು ನಿಂತು ನಮಸ್ಕಾರ ಮಾಡಿದ. ಅವನೇ ಕ್ಯಾಪ್ಟನ್ ಎಂದು ಅಮ್ಮ ಹೇಳಿದಳು. ಒಳಗೆ ಗೋಡೆಯನ್ನು ಮೊದಲ ಸಲ ನೋಡಿದೆ. ಕಾರ್ಯದರ್ಶಿಗಳು ಕುರ್ಚಿ ಎಳೆದು ಕೊಟ್ಟರು. ಜೋಡಿಸಿಕೊಂಡಿದ್ದ ಹಿಂದಿಯೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದನ್ನು ಬಂದ ಹಾಗೆ ಹೇಳಿದೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

“ಇವನ್ನು ತೆಗೆಯಬೇಡಿ” ಎಂದೆ.

“ಮಾತಾಜಿ, ನಿಮ್ಮ ಕೆಲಸವನ್ನು ಕೀಳುಗಳೆಯುತ್ತಿಲ್ಲ. ಬಂದವರು ಬಾವುಟ ನೋಡಿ ಸ್ಕೋರು ಕೇಳುತ್ತಾರೆ. ಸೋತೆವು, ಸೋತೆವು ಅಂತ ಎಷ್ಟು ಸಲ ಹೇಳಲಿ?”

“ಒಂದನ್ನೇ ಇಟ್ಟರೆ ಈ ತಂಡವನ್ನು ಜನ ಒಂದೇ ಸಲ ಆಟಕ್ಕೆ ಕರೆದಿದ್ದಾರೆ ಅಂದುಕೊಳ್ಳುತ್ತಾರೆ.”

ಅವರು ಬಾಗಿಲ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ, “ತೆಗೆಯಿರಿ ಅಂದವನು ಕ್ಯಾಪ್ಟನ್ನೇ. ಅವನಿಗೆ ಈ ಕೋಣೆಗೆ ಬರಲು ಆಗುತ್ತಿಲ್ಲ” ಎಂದರು.

ಅದು ನನಗೆ ಗೊತ್ತಿರಲಿಲ್ಲ. ನಿಮ್ಮ ಅಮ್ಮನಿಗೂ ಗೊತ್ತಿರಲಿಲ್ಲ. ಅಲ್ಲಿಗೇ ಎದ್ದು ಬಂದುಬಿಡಬೇಕೆನಿಸಿತು. ಏಳಲಿಲ್ಲ. ಅವನನ್ನು ಒಳಗೆ ಕರೆಯಿರಿ ಎಂದೆ. ಅವನು ಬಂದು ಗೋಡೆಗೆ ಬೆನ್ನು ಮಾಡಿ ನಿಂತ.

“ನಾನು ಹೊಲಿದ ಮೊದಲ ಬಾವುಟವನ್ನು ಆ ಕೊಲ್ಲಿಯ ಊರಿನವರು ಏನು ಮಾಡಿದರು ಅಂತ ನಿನಗೆ ಗೊತ್ತಾ ಬೇಟಾ?” ಎಂದು ಕೇಳಿದೆ. ಇದನ್ನು ಕೇಳಬೇಕೆಂದು ದಾರಿಯಲ್ಲಿ ಯೋಚಿಸಿರಲೂ ಇಲ್ಲ.

ಅವನು ತಡೆದು ತಡೆದು ಹೇಳಿದ. “ತೂಗುಹಾಕಿದ್ದಾರೆ ಆಂಟೀಜಿ. ಎರಡನೇ ಸಲ ಹೋದಾಗ ನೋಡಿದೆ. ಅವರ ಕ್ಲಬ್ಬಿನ ಮೊಗಸಾಲೆಯಲ್ಲಿ, ಗಾಜಿನೊಳಗೆ. ಆ ಕೆಂಪು ಕಲೆಯೂ ಹಾಗೇ ಇದೆ.”

“ತಾವು ಸೋಲಿಸಿದ ತಂಡದ್ದನ್ನು ಎಲ್ಲರೂ ತೂಗುಹಾಕುತ್ತಾರೆ” ಎಂದರು ಕಾರ್ಯದರ್ಶಿಗಳು.

“ಇಲ್ಲ ಸರ್. ಅವರನ್ನು ಸೋಲಿಸಿದವರದೂ ಇತ್ತು. ಆಡಲು ಬಂದವರದೆಲ್ಲ ಇತ್ತು.” ಅಷ್ಟು ಹೇಳುವಷ್ಟರಲ್ಲಿ ಅವನು ಗೋಡೆಯ ಕಡೆ ತಿರುಗಿದ್ದ.

ನಾನು ಕಾರ್ಯದರ್ಶಿಗಳ ಕಡೆ ತಿರುಗಿದೆ. “ಸ್ಕೋರು ಕೇಳುತ್ತಾರೆ ಅನ್ನುವುದಾದರೆ ಅವರು ಕೇಳುವ ಮೊದಲೇ ಬಾವುಟಗಳ ಕೆಳಗೆ ಅದನ್ನೂ ಹಾಕಿಬಿಡೋಣ. ನಾನು ಹೊಲಿದುಕೊಡುತ್ತೇನೆ.”

“ಸಾತ್ ಗೋಲ್ ಭೀ?” ಎಂದರು ಕಾರ್ಯದರ್ಶಿಗಳು, ಆ ಏಳು ಗೋಲನ್ನೂ ಹೊಲಿಯುತ್ತೀರಾ ಎನ್ನುವಂತೆ.

ನಾನು ಕ್ಯಾಪ್ಟನ್ ಕಡೆ ನೋಡಿದೆ. “ಸಾತ್ ಭೀ” ಎಂದ ಅವನು.

ಕಾರ್ಯದರ್ಶಿಗಳು ಚಹಾ ತರಿಸಿದರು. “ಬೇಟಿ, ಮಾತಾಜಿ ಮಾತೇ ಆಡುವುದಿಲ್ಲ ಅಂತ ನನಗೆ ಹೇಳಿದ್ದೆಯಲ್ಲ” ಎಂದು ನಿಮ್ಮ ಅಮ್ಮನನ್ನು ಛೇಡಿಸಿದರು.

ಆ ಉದ್ದ ಪಟ್ಟಿ ಹುಟ್ಟಿದ್ದು ಹಾಗೆ. ಕಂಪನಿಯವರು ಬರುವ ಮೊದಲು ಮುಗಿಸಬೇಕಿತ್ತು. ಬಾಲ್ಕನಿಯಲ್ಲಿ ಬಿಸಿಲು ಬಿದ್ದಲ್ಲಿಗೆ ಕುರ್ಚಿ ಸರಿಸುತ್ತ ಹೊಲಿದೆ. ಏಳು ಹೊಲಿಯುವುದು ಸುಲಭ, ಒಂದು ಅಡ್ಡ, ಒಂದು ಓರೆ. ಸೊನ್ನೆಯೇ ಕಷ್ಟ. ಚೆಂಡಿನ ಹಾಗೆ ಅದಕ್ಕೂ ಮೂಲೆಗಳು ಬಂದವು. ಬಂದವರು ಗೋಡೆಯ ಮುಂದೆ ನಿಂತು ಏಳರ ಮೇಲೆ ಬೆರಳಿಟ್ಟರಂತೆ. ಏಳು ಗೋಲು ಹೊಡೆದ ಆ ತಂಡ ಎಂಥದ್ದೆಂದು ಕಾರ್ಯದರ್ಶಿಗಳು ತಾವೇ ಮುಂದಾಗಿ ವಿವರಿಸಿದರಂತೆ. ಕಂಪನಿಯವರು ದುಡ್ಡು ಹಾಕಿದರು. ಅದು ಗೋಡೆಯಿಂದಲೇ ಆಯಿತೆಂದು ನಾನು ಹೇಳುವುದಿಲ್ಲ.

ಮುಂದಿನ ಟೂರ್ನಿಯಲ್ಲಿ ಅದೇ ಕೊಲ್ಲಿಯ ಊರಿಗೆ ಮೂರನೆಯ ಸಲ ಹೋಗಿಬಂದ ಕ್ಯಾಪ್ಟನ್ ಒಬ್ಬನೇ ಮೆಟ್ರೊ ಹಿಡಿದು ಮನೆ ಹುಡುಕಿಕೊಂಡು ಬಂದ. ನಾನೇ ಬಾಗಿಲು ತೆಗೆದೆ. ಆಫೀಸಿನ ಗೋಡೆಯಿಂದ ಬಿಚ್ಚಿ ತಂದ ಪಟ್ಟಿಯನ್ನೂ ಹೊಸ ಬಾವುಟವನ್ನೂ ಎರಡೂ ಕೈಯಲ್ಲಿ ಕೊಟ್ಟ.

“ಸೋತೆವು ಆಂಟೀಜಿ” ಎಂದ. ಆಮೇಲೆ, “ಒಂದೇ ಗೋಲು” ಎಂದ.

“ಕೂತುಕೋ. ಈಗಲೇ ಹೊಲಿಯುತ್ತೇನೆ” ಎಂದೆ. ಅವನಿಗೆ ಅವಲಕ್ಕಿ ಕೊಟ್ಟೆ. ಸೊನ್ನೆಗೆ ಮೂಲೆಗಳು ಬರುವುದನ್ನು ನೋಡುತ್ತ, ಎರಡನೇ ತಟ್ಟೆಯನ್ನೂ ಖಾಲಿ ಮಾಡಿದ. ಹೋಗುವಾಗ ಪಟ್ಟಿಯನ್ನು ಹಿಂದೆ ತಿರುಗಿಸಿ ನೋಡಿ, ಸರಿಯಾಗಿದೆ ಎನ್ನುವಂತೆ ತಲೆಯಾಡಿಸಿದ.

ಕೆಲವು ವರ್ಷಗಳ ನಂತರ ಆ ತಂಡ ಮುಚ್ಚಿಹೋಯಿತು. ಗೋಡೆಯ ಬಾವುಟಗಳನ್ನು ಕ್ಯಾಪ್ಟನ್ ತನ್ನ ಊರಿಗೆ ಒಯ್ದ. ಅಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾನೆ, ಅವರು ಕೂರುವ ಕೋಣೆಯಲ್ಲಿ ಎಲ್ಲವನ್ನೂ ತೂಗುಹಾಕಿದ್ದಾನಂತೆ. ಕೆಳಗಿನ ಪಟ್ಟಿ ನನಗಿರಲಿ ಎಂದು ಕೊಟ್ಟುಹೋದ. ಬಲಗಡೆ ಬಟ್ಟೆ ಇನ್ನೂ ಉಳಿದಿದೆಯಲ್ಲ, ಅದನ್ನು ಕತ್ತರಿಸಿ ಅಂದ ಮಾಡೋಣ ಎಂದು ದೊಡ್ಡವಳು ಹೇಳುತ್ತಿದ್ದಳು. ಕತ್ತರಿಸಬೇಡಿ. ಮುಂದಿನ ಪಂದ್ಯಗಳಿಗೆಂದು ಬಿಟ್ಟ ಜಾಗ ಅದು, ಹಾಗೇ ಇರಲಿ. ನಾನಿಲ್ಲದಾಗ ಎಂದಾದರೂ ಒಗೆಯುವುದಾದರೆ ಬರೀ ನೀರಿನಲ್ಲಿ ಅದ್ದಿ ತೆಗೆಯಿರಿ, ಸಾಬೂನು ಹಾಕಬೇಡಿ. ಎಡಗಡೆಯ ಮೂಲೆಯಲ್ಲಿ ಅರಿಶಿನ ಇದೆ.