ಅವ್ವನ ಗಂಟಲಿಗೆ ಇಳಿದ ಚೀನಾ ಹುಲ್ಲು

ಚೀನಾ ಹುಲ್ಲು ಹುಲ್ಲೇ ಅಲ್ಲ. ಬೆಳ್ಳಗೆ ಒಣಗಿದ, ಊದಿದರೆ ಹಾರುವ ಎಳೆಗಳ ಒಂದು ಸಣ್ಣ ಕಟ್ಟು. ಅದನ್ನು ಕಡಲ ಪಾಚಿಯಿಂದ ಮಾಡುತ್ತಾರೆ ಎಂದು ನನಗೆ ತಿಳಿದದ್ದು ಮುದುಕಿಯಾದ ಮೇಲೆ. ಕೊಪ್ಪಳದ ನಮ್ಮ ಓಣಿಯಲ್ಲಿ ಅದು ಸಿಗುತ್ತಿದ್ದದ್ದು ಪಕ್ಕದ ಮನೆಯ ಖಾಲಾಳ ಹತ್ತಿರ ಮಾತ್ರ. ರಂಜಾನ್ ಹಬ್ಬಕ್ಕೆ ಅವಳ ತಮ್ಮ ಹೈದರಾಬಾದಿನಿಂದ ತಂದುಕೊಡುತ್ತಿದ್ದ. ಅವಳು ಹಾಲು ಸಕ್ಕರೆ ಕೂಡಿಸಿ, ಪಿಂಗಾಣಿ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಚೌಕ ಚೌಕವಾಗಿ ಕೊಯ್ದು ಇಡುತ್ತಿದ್ದಳು.

ಹತ್ತು ವರ್ಷದವಳಿದ್ದಾಗ ಮನೆಯವರ ಕಣ್ಣು ತಪ್ಪಿಸಿ ಒಂದು ತುಂಡು ತಿಂದೆ. ಅಬ್ಬಾ! ತಂಪಾಗಿ, ಅಲುಗುತ್ತ, ಹಲ್ಲಿಗೆ ಕೆಲಸವೇ ಇಲ್ಲದೆ ಜಾರಿಹೋಯಿತು. ಕಟಕು ರೊಟ್ಟಿ ಅಗಿದು ಬೆಳೆದ ನಮಗೆ ಹೀಗೂ ಒಂದು ತಿನಿಸು ಇರುತ್ತದೆಂದು ಯಾರು ಹೇಳಿದ್ದರು?

"ಮನ್ಯಾಗ ಹೇಳಬ್ಯಾಡ ಬೇಟಿ," ಎಂದಳು ಖಾಲಾ.

"ನಾ ಯಾಕ ಹೇಳಲ್ರಿ? ಇನ್ನೊಂದು ಕೊಡ್ರಿ," ಎಂದೆ. ಅವರ ಮನೆಯ ನೀರು ಸಹ ಮುಟ್ಟದ ಮನೆತನ ನಮ್ಮದು.

ನನಗೆ ಹದಿನಾಲ್ಕು ತುಂಬಿದ ವರ್ಷ ಅವ್ವನ ಗಂಟಲು ಕಟ್ಟಿತು. ಒಳಗೆ ಗಡ್ಡೆ ಎಂದರು ಡಾಕ್ಟರು, ಔಷಧದ ಮಾತು ಎತ್ತಲಿಲ್ಲ. ಮೊದಲು ರೊಟ್ಟಿ ಬಿಟ್ಟಳು, ಆಮೇಲೆ ಅನ್ನ. ಕೊನೆಗೆ ತಿಳಿ ಅಂಬಲಿಯೂ ಮೂಗಿನಿಂದ ಹೊರಗೆ ಬರತೊಡಗಿತು. ಹಸಿವು ಮಾತ್ರ ಹಾಗೇ ಇತ್ತು. ನಾವು ಉಣ್ಣುವಾಗ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದಳು. ಅದನ್ನು ನೋಡಲಾರದೆ ಒಂದು ದಿನ ಖಾಲಾಳ ಮನೆಗೆ ಓಡಿದೆ. ಅವಳು ಮಾಡಿಕೊಟ್ಟದ್ದನ್ನು ಸೆರಗಿನಲ್ಲಿ ಮುಚ್ಚಿ ತಂದು, ನಮ್ಮ ಬಟ್ಟಲಿಗೆ ಹಾಕಿ, ಅವ್ವನ ಬಾಯಿಗಿಟ್ಟೆ. ಇಳಿಯಿತು!

"ಯಾರು ಮಾಡಿದ್ದಬೇ ಇದು?"

"ನಾನಽ ಮಾಡೇನವ್ವ. ಚೀನಾ ಹುಲ್ಲು ಅಂತ."

"ಹುಲ್ಲಂದ್ರ ಅಡ್ಡಿಯಿಲ್ಲ ಬಿಡು. ಎಮ್ಮಿ ತಿಂತತಿ, ನಾ ತಿಂದ್ರೇನಾತು?" ಎಂದು ನಕ್ಕಳು. "ಇನ್ನೊಂಚೂರು ಕೊಡು."

ಅವ್ವ ಇನ್ನೊಂಚೂರು ಕೇಳಿ ಎಷ್ಟು ದಿನವಾಗಿತ್ತೋ. ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಅಂದಿನಿಂದ ಖಾಲಾ ತಮ್ಮನ ಹತ್ತಿರ ತರಿಸಿ ಮಾಡಿಕೊಟ್ಟದ್ದು, ಬೆಳಿಗ್ಗೆ ಒಂದು ತುಂಡು, ಸಂಜೆ ಒಂದು ತುಂಡು. ಅವಳ ಜೀವ ನಿಂತದ್ದು ಅದರ ಮೇಲೆ.

ಆಗ ಜಪಾನಿನ ಯುದ್ಧ ಸುರುವಾಯಿತು. ಹೈದರಾಬಾದಿನ ಅಂಗಡಿಗಳಿಗೆ ಮಾಲು ಬರುವುದೇ ನಿಂತಿದೆ ಎಂದು ಖಾಲಾಳ ತಮ್ಮ ಕಾಗದ ಬರೆದ. "ಹೆಸರು ಚೀನಾದ್ದು, ಬರೂದು ಜಪಾನದಿಂದ ಅಂತ ಬೇಟಿ," ಎಂದಳು ಅವಳು. ಸುಡಲಿ! ಯಾವ ದೇಶಕ್ಕೋ ಯಾವ ದೇಶಕ್ಕೋ ಜಗಳ, ಉಪವಾಸ ಮಾತ್ರ ನಮ್ಮವ್ವನಿಗೆ. ಸಂತೆಗಳಲ್ಲಿ ಬಳೆ ಮಾರುತ್ತಿದ್ದ ಖಾಲಾಳ ಗಂಡ ಕುಷ್ಟಗಿ, ತಾವರಗೇರಾ, ಯಲಬುರ್ಗಾ ಎಲ್ಲ ಕಡೆ ವಿಚಾರಿಸಿದ. "ಚೀನಾದ ಹುಲ್ಲೇನ್ರಿ ಸಾಬ್ರ? ನಮ್ಮಲ್ಲಿ ದನಕ್ಕ ಹಾಕೋ ಜ್ವಾಳದ ಕಣಕಿ ಐತಿ, ಕಟ್ಟಲೇನು?" ಎಂದು ಒಬ್ಬ ಅಂಗಡಿಯವನು ನಕ್ಕನಂತೆ.

ಹಬ್ಬಕ್ಕೆಂದು ಖಾಲಾ ಟ್ರಂಕಿನಲ್ಲಿ ಒಂದು ಕಟ್ಟು ಇಟ್ಟುಕೊಂಡಿದ್ದಳು. ಅದನ್ನೂ ತೆಗೆದು ನನ್ನ ಕೈಗಿಟ್ಟಳು. "ಇದಽ ಕಡೀದು. ನೀರಾಗ ನೆನಿ ಹಾಕು, ಬೆಳಿಗ್ಗೆ ಹಾಲಿನ ಜೋಡಿ ತಗೊಂಡು ಬಾ. ಮಾಡಿಕೊಡ್ತೇನಿ."

ಬೆಳಿಗ್ಗೆ ಎರಡನ್ನೂ ಹಿಡಿದು ಹೊಸ್ತಿಲು ದಾಟುತ್ತಿದ್ದೆ, ಎದುರಿಗೆ ಅಪ್ಪ! ಗಂಗಾವತಿಯ ಭತ್ತದ ಅಂಗಡಿಯಲ್ಲಿ ನೌಕರಿ ಅವನದು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ.

"ಎಲ್ಲಿಗೆ ಹೊಂಟಿಬೇ ಹಾಲು ತಗೊಂಡು?"

"ಎಲ್ಲಿಗಿಲ್ಲಪ್ಪ... ಅವ್ವಗ ಚೀನಾ ಹುಲ್ಲು ಮಾಡಾಕ."

"ಮಾಡೂದು ಒಲಿ ಮ್ಯಾಲೋ, ಓಣ್ಯಾಗೋ? ಬಾ ಒಳಗ. ನಿಮ್ಮವ್ವ ಭಾಳ ಹೊಗಳ್ತಾಳ, ನಾನೂ ನೋಡ್ತೇನಿ ನನ್ನ ಮಗಳ ಕೈಗುಣಾನ," ಎಂದು ಅಡಿಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತ. ಅವನ ಮುಖದಲ್ಲಿ ಸಂಶಯ ಇರಲಿಲ್ಲ, ಖುಷಿ ಇತ್ತು.

ನಾನು ಕಂಡದ್ದು ಸಿದ್ಧವಾದ ತಟ್ಟೆಯನ್ನು. ಮಾಡುವುದನ್ನು ಒಂದು ದಿನವೂ ನಿಂತು ನೋಡಿರಲಿಲ್ಲ. ಗೋಡೆಯ ಆಚೆ ಖಾಲಾ ಮಕ್ಕಳನ್ನು ಬೈಯುವುದು ಕೇಳುತ್ತಿತ್ತು. ಕೂಗಿ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ನಿಜ ತಿಳಿದರೆ ಅವ್ವ ತಿನ್ನುವುದನ್ನೇ ಬಿಟ್ಟಾಳು ಎಂದು ಹೆದರಿದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನಾನು ಹೆದರಿದ್ದು ಅಪ್ಪನ ಕೈಗೆ.

ಎಳೆಗಳನ್ನು ಮೊದಲು ಬರೀ ನೀರಿನಲ್ಲಿ, ಒಂದೂ ಉಳಿಯದ ಹಾಗೆ ಕರಗುವ ತನಕ ಕುದಿಸಬೇಕು. ಹಾಲು ಆಮೇಲೆ. ನಾನು ಇಡೀ ಕಟ್ಟನ್ನು ನೇರವಾಗಿ ಹಾಲಿಗೇ ಹಾಕಿದೆ. ಹಾಲು ಉಕ್ಕಿ ಬಂತು, ಗಾಬರಿಯಾಗಿ ಇಳಿಸಿದೆ. ಆರಿದ ಮೇಲೆ ಮೇಲೆಲ್ಲ ನುಣ್ಣಗೆ ಹೆಪ್ಪುಗಟ್ಟಿತ್ತು. "ಛಲೋ ಆಗೇತಲ್ಲ!" ಎಂದ ಅಪ್ಪ.

ನನ್ನ ಕೈಯಾರೆ ತಿನ್ನಿಸಿದೆ. ಎರಡನೆಯ ತುತ್ತಿಗೆ ಕರಗದ ಎಳೆಗಳು ಗಂಟಲಲ್ಲಿ ಸಿಕ್ಕಿಕೊಂಡವು. ಅವ್ವನ ಕಣ್ಣು ಮೇಲಾದವು, ಮುಖ ಕಪ್ಪಿಟ್ಟಿತು. ಕೆಮ್ಮಿದ ಕೆಮ್ಮಿಗೆ ಹಾಲಿನ ಜೊತೆ ರಕ್ತ ಬಂತು. ಅಪ್ಪ ಅವಳ ಬೆನ್ನು ಹಿಡಿದುಕೊಂಡೇ ಕೂಗಿದ, "ದಿನಾ ಮಾಡಾಕಿ, ಇವತ್ತೇನಾತಬೇ ನಿನಗ?"

"ಹಾಲು ಕೆಟ್ಟಿತ್ತು ಕಾಣ್ತೈತಪ್ಪ," ಎಂದೆ. ಆಗಲೂ ನಿಜ ಬರಲಿಲ್ಲ ಈ ಹಾಳು ಬಾಯಿಗೆ. ಸಂಜೆ ಖಾಲಾ ಗೋಡೆಯ ಆಚೆಯಿಂದ ಮೆಲ್ಲಗೆ ಕೇಳಿದಳು, "ಬರಲಿಲ್ಲಲ್ಲ ಬೇಟಿ? ಅವ್ವ ತಿಂದ್ಲೇನು?"

"ತಿಂದ್ಲ್ರಿ," ಎಂದೆ.

ಮರುದಿನ ಬೆಳಿಗ್ಗೆ ಅವ್ವ ಕೈಸನ್ನೆ ಮಾಡಿ ಹತ್ತಿರ ಕರೆದಳು. ಬೈಯಲಿಲ್ಲ. ದನಿ ಹೆಚ್ಚುಕಡಿಮೆ ಹೋಗಿತ್ತು, ಬಾಯಿಯ ಹತ್ತಿರ ಕಿವಿ ಇಟ್ಟೆ.

"ನಿನ್ನಿನಂಥಾದ್ದು ಬ್ಯಾಡಬೇ. ಮೊದಲ ಮಾಡ್ತಿದ್ದಿಯಲ್ಲ, ಹಂಗ ಮಾಡಿಕೊಡು."

"ಆತವ್ವ, ನಾಳಿಗೆ ಮಾಡ್ತೇನಿ," ಎಂದೆ.

ಆಮೇಲೆ ಒಂಬತ್ತು ದಿನ ಇದ್ದಳು. ದಿನಾ ಬೆಳಿಗ್ಗೆ ಬಾಯಿ ತೆರೆದು ನನ್ನ ಕೈ ನೋಡಿದಳು. ದಿನಾ ನಾನು ನಾಳಿಗೆ ಎಂದೆ.