ಒಂದು ಸಾಲೂ ಬಿಡದ ಹೊಲ

ಬೆಲ್ಲದ ನೀರು ಕುದಿಸಿ ಆರಲು ಇಟ್ಟಿದ್ದೆ. ತಳ ತುಸು ಹೊತ್ತಿತ್ತು. ಆ ವಾಸನೆ ಪಡಸಾಲೆಗೆ ಬಂತು... ಅದರ ಹಿಂದೆಯೇ ನಮ್ಮ ಗ್ರಾಮಸೇವಕರೂ ಬಂದಂತಾಯಿತು.

ಎಂಬತ್ತರ ದಶಕದ ಮಾತು. ಹುನಗುಂದದ ಹತ್ತಿರದ ನಮ್ಮೂರಿಗೆ ಅವರು ಸೈಕಲ್ ಮೇಲೆ ಬರುತ್ತಿದ್ದರು. ಹಿಂದಿನ ಕ್ಯಾರಿಯರ್‌ನಲ್ಲಿ ಕಪ್ಪು ಪುಡಿಯ ಪೊಟ್ಟಣಗಳು. ಬಿಸಿಲು ತಾಗದಂತೆ ಒದ್ದೆ ಗೋಣಿತಟ್ಟು ಹೊದಿಸಿರುತ್ತಿದ್ದರು. ಪುಡಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ, ಬೆಲ್ಲದ ನೀರಲ್ಲಿ ಕಲಸಿ ಜೋಳದ ಬೀಜಕ್ಕೆ ಹಚ್ಚಿದರೆ ಅವು ಬೇರಿನಲ್ಲಿ ಮನೆ ಮಾಡಿ ಗಾಳಿಯ ಸಾರಜನಕವನ್ನು ಬೆಳೆಗೆ ಉಣಿಸುತ್ತವೆ ಎಂದು ಹೇಳಿ ಹೇಳಿ ಅವರ ಗಂಟಲು ಬಿದ್ದಿತ್ತು.

"ಹುಳ ಕೊಲ್ಲೋ ಎಣ್ಣಿ ಕೊಡ್ರಿ ಅಂದ್ರ ಹುಳಾನ ತಂದೀರಲ್ರಿ ಸಾಹೇಬ್ರ!" ಎಂದು ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು.

ಒಪ್ಪಿದವರು ನಮ್ಮಪ್ಪ ಒಬ್ಬರೇ. ಅರ್ಧ ಹೊಲಕ್ಕೆ ಹಚ್ಚಿದ ಬೀಜ, ಇನ್ನರ್ಧಕ್ಕೆ ಬರೀ ಬೀಜ ಎಂದು ಮಾತಾಯಿತು. ಫರಕು ಕಣ್ಣಿಗೆ ಕಂಡರೆ ಊರು ನಂಬುತ್ತದೆ; ಕಾಣದಿದ್ದರೆ ಇನ್ನು ಇಲ್ಲಿ ತಮ್ಮ ಮಾತು ನಡೆಯದೆಂದು ಗ್ರಾಮಸೇವಕರಿಗೆ ಗೊತ್ತಿತ್ತು. ಹುಳಗಳು ದಾರಿಯಲ್ಲೇ ಸತ್ತಿದ್ದರೆ? ನನಗೆ ನಿದ್ದೆಯಿಲ್ಲ. ಚಿಂತೆ ಮಾಡಲು ನನಗೆ ಯಾವ ತರಬೇತಿಯೂ ಬೇಕಿರಲಿಲ್ಲ.

ಬೆಳೆ ಎದೆಮಟ್ಟ ಬಂದಾಗ ಅವರು ಊರವರನ್ನು ಕರೆತಂದು ಬದುವಿನ ಮೇಲೆ ನಿಂತರು. ಆ ಕಡೆ ನೋಡಿದರು, ಈ ಕಡೆ ನೋಡಿದರು. ಎರಡೂ ಒಂದೇ ಹಸಿರು.

"ಬರೇ ಬೀಜದ್ದು ಯಾವ ಕಡಿ ಐತ್ರಿ?" ಎಂದು ಅಪ್ಪನನ್ನು ಕೇಳಿದರು.

ಬುತ್ತಿ ತಂದಿದ್ದ ಅವ್ವ ಸೆರಗು ಸರಿಮಾಡಿಕೊಂಡಳು. "ಬಿತ್ತೂ ಕೂರಿಗಿ ಪೂಜಿ ದಿನ ಅರ್ಧಕ್ಕ ಬೆಲ್ಲ ತಿನಿಸಿ, ಅರ್ಧ ಹಂಗ ಉಪವಾಸ ಕಳಸೂದೇನ್ರಿ? ಭೂಮ್ತಾಯಿಗೆ ಭೇದ ಮಾಡಬಾರ್ದು. ಇದ್ದ ಪುಡಿ ಹಂಚಿ ಎಲ್ಲಾದಕ್ಕೂ ನಾನ ಹಚ್ಚೀನಿ."

"ಈ ಹೊಲದ ಎರಿ ಮಣ್ಣ ಮೊದಲಿಂದ ಛಲೋ ಐತಿ ಬಿಡ್ರಿ," ಎಂದು ಊರು ತೀರ್ಪು ಕೊಟ್ಟು ಮನೆಗೆ ನಡೆಯಿತು.

ಗ್ರಾಮಸೇವಕರು ಟೊಪ್ಪಿಗೆ ತೆಗೆದು ತೊಡೆಗೆ ಬಡಿದುಕೊಂಡರು. "ಒಂದ ಸಾಲರ ಬಿಡಬೇಕಿತ್ತಲ್ರಿ ಅಕ್ಕಾರ... ಒಂದ ಸಾಲು!"

ಅವ್ವ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಸಿಟ್ಟಿನಲ್ಲೇ ಉಂಡರು. ಮುಂದಿನ ಬಿತ್ತಿಗೆಯ ಹೊತ್ತಿಗೆ ಅವರಿಗೆ ಬಾದಾಮಿ ಕಡೆ ವರ್ಗವಾಗಿತ್ತು. ತೀರಿಕೊಂಡ ಸುದ್ದಿ ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರು, ಅದೂ ಬಹಳ ತಡವಾಗಿ...

ಬೆಲ್ಲದ ನೀರು ಆರಿದೆ. ಈ ಸಲ ಪುಡಿ ಹಚ್ಚದೆ ಬಿಡಲೇಬೇಕೆಂದು ಅರ್ಧ ಬೀಜ ಬೇರೆ ಬುಟ್ಟಿಯಲ್ಲಿ ತೆಗೆದಿಟ್ಟಿದ್ದೆ. ಪ್ರತಿ ಸಲವೂ ಇಡುತ್ತೇನೆ. ಆ ಅರ್ಧ ಸೊರಗಿದರೆ ಎಂಬ ಚಿಂತೆ ಹೊಕ್ಕಿತು. ಕೈ ಆ ಬುಟ್ಟಿಯನ್ನೂ ಎಳೆದುಕೊಂಡಿತು. ಒಂದು ಸಾಲಾದರೂ ಬಿಡಬಾರದಿತ್ತೇ ಎಂದು ಬೈಯಲು ಅವರಿಲ್ಲ.